ಸಕ್ಕರೆ ಕಾಯಿಲೆ ಇರುವವರಿಗೆ ಅಂಗವೈಕಲ್ಯ ವಿಮೆ: ‘ಸರಳ್ ಸುರಕ್ಷಾ ಬಿಮಾ’ ಪಾಲಿಸಿಯ ಪರಾಮರ್ಶೆ

ಒಬ್ಬರ ದುಡಿಮೆಯ ಮೇಲೆ ನಿಂತಿರುವ ಮನೆಗಳಲ್ಲಿ ಜೀವ ವಿಮೆಯಷ್ಟೇ ಮುಖ್ಯವಾದದ್ದು ಅಂಗವೈಕಲ್ಯ ವಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದುಡಿಯುವವರು ತೀರಿಕೊಂಡರೆ ಆದಾಯ ನಿಲ್ಲುತ್ತದೆ. ಅವರು ಕೈಕಾಲು ಕಳೆದುಕೊಂಡು ಮನೆಯಲ್ಲೇ ಉಳಿದರೆ ಆದಾಯ ನಿಲ್ಲುವುದರ ಜೊತೆಗೆ ಖರ್ಚೂ ಏರುತ್ತದೆ. ನಾನು ದಾವಣಗೆರೆಯಲ್ಲಿ ಸಣ್ಣ ಮುದ್ರಣಾಲಯವೊಂದನ್ನು ನಡೆಸುವವನು. ತಿಂಗಳ ಸಂಬಳವಾಗಲಿ, ವೈದ್ಯಕೀಯ ರಜೆಯಾಗಲಿ ನನಗಿಲ್ಲ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಬಿ.ಪಿ.ಯೂ ಇವೆ. ಈಗಾಗಲೇ ಕಾಯಿಲೆ ಇರುವ ನನ್ನಂಥವರಿಗೆ ಅಂಗವೈಕಲ್ಯ ವಿಮೆ ಸಿಗುತ್ತದೆಯೇ, ಸಿಕ್ಕರೆ ಅದು ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ತಿಳಿಯಲು ಮಾರುಕಟ್ಟೆಯಲ್ಲಿರುವ ಪಾಲಿಸಿಗಳ ನಿಯಮಾವಳಿಗಳನ್ನು ಓದಿದೆ. ಕೊನೆಗೆ ಕೊಂಡದ್ದು ‘ಸರಳ್ ಸುರಕ್ಷಾ ಬಿಮಾ’. ಈ ಪರಾಮರ್ಶೆ ಮುಖ್ಯವಾಗಿ ಅದರದ್ದೇ ಆದರೂ, ಅದರ ಗೆರೆ ಎಲ್ಲಿ ಮುಗಿಯುತ್ತದೆ ಎಂದು ತೋರಿಸಲು ಬೇರೆ ಕೆಲವು ವ್ಯವಸ್ಥೆಗಳ ಬಗ್ಗೆಯೂ ಬರೆಯಬೇಕಾಗಿದೆ.

ಸರಳ್ ಸುರಕ್ಷಾ ಬಿಮಾ ಯಾವುದೋ ಒಂದು ಕಂಪನಿಯ ಸ್ವಂತ ಪಾಲಿಸಿಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ರೂಪಿಸಿದ ಮಾದರಿ ವೈಯಕ್ತಿಕ ಅಪಘಾತ ಪಾಲಿಸಿ ಇದು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಒಂದೇ, ಪ್ರೀಮಿಯಂ ಮಾತ್ರ ಬೇರೆ ಬೇರೆ. ಸಣ್ಣ ಅಕ್ಷರಗಳ ಷರತ್ತುಗಳನ್ನು ಹತ್ತು ಕಂಪನಿಗಳಲ್ಲಿ ಹೋಲಿಸಿ ನೋಡುವ ತಾಳ್ಮೆಯಾಗಲಿ ಕಾನೂನಿನ ಭಾಷೆಯಾಗಲಿ ಇಲ್ಲದ ಗ್ರಾಹಕನಿಗೆ ಇದು ನಿಜವಾದ ಉಪಕಾರ. ವಿಮಾ ಮೊತ್ತ ಎರಡೂವರೆ ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ ಇರಬಹುದು. 18ರಿಂದ 70 ವರ್ಷದವರೆಗಿನವರು ಸೇರಬಹುದು. ಅಪಘಾತದಲ್ಲಿ ಸಾವಾದರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವೈಕಲ್ಯ ಉಂಟಾದರೆ ಪೂರ್ತಿ ಮೊತ್ತ ಸಿಗುತ್ತದೆ. ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ಯಾವ ಅಂಗಕ್ಕೆ ಎಷ್ಟು ಶೇಕಡಾ ಎಂಬ ಪಟ್ಟಿ ಪಾಲಿಸಿಯಲ್ಲೇ ಇದೆ. ಕ್ಲೇಮು ಇಲ್ಲದ ಪ್ರತಿ ವರ್ಷಕ್ಕೆ ವಿಮಾ ಮೊತ್ತ ಶೇ. 5ರಷ್ಟು ಬೆಳೆಯುತ್ತದೆ, ಗರಿಷ್ಠ ಶೇ. 50ರವರೆಗೆ. ಹತ್ತು ಲಕ್ಷದ ಪಾಲಿಸಿ ಹೀಗೆ ಬೆಳೆದು ಹದಿನೈದು ಲಕ್ಷದವರೆಗೆ ಹೋಗಬಲ್ಲದು.

ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬಹುದಾದ ಮೂರು ಸೌಲಭ್ಯಗಳಿವೆ: ತಾತ್ಕಾಲಿಕ ಪೂರ್ಣ ಅಂಗವೈಕಲ್ಯ, ಅಪಘಾತದ ಆಸ್ಪತ್ರೆ ವೆಚ್ಚ, ಮಕ್ಕಳ ಶಿಕ್ಷಣ ನೆರವು. ಇವುಗಳಲ್ಲಿ ಸ್ವಂತ ಉದ್ಯೋಗದವರು ಕಡ್ಡಾಯವಾಗಿ ಸೇರಿಸಿಕೊಳ್ಳಬೇಕಾದದ್ದು ಮೊದಲನೆಯದು. ಮೂಳೆ ಮುರಿದು ಹಲವು ವಾರ ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಬಂದರೆ ಮೂಲ ವಿಮಾ ಮೊತ್ತದ ಶೇ. 0.2ರಷ್ಟು ಹಣ ಪ್ರತಿ ವಾರ ಸಿಗುತ್ತದೆ, ಹೆಚ್ಚೆಂದರೆ ನೂರು ವಾರಗಳ ಕಾಲ. ಹತ್ತು ಲಕ್ಷದ ಪಾಲಿಸಿಗೆ ಇದು ವಾರಕ್ಕೆ ಎರಡು ಸಾವಿರ ರೂಪಾಯಿ. ಸಂಸಾರ ನಡೆಸಲು ಸಾಲದ ಮೊತ್ತವೇ ಸರಿ, ಆದರೆ ಅಂಗಡಿ ಬಾಡಿಗೆಗೂ ಕರೆಂಟು ಬಿಲ್ಲಿಗೂ ಸಾಲ ಮಾಡುವುದನ್ನು ತಪ್ಪಿಸುತ್ತದೆ. ಇದಕ್ಕಾಗಿಯೇ ಮೂಲ ಮೊತ್ತವನ್ನು ಐದು ಲಕ್ಷಕ್ಕೆ ನಿಲ್ಲಿಸದೆ ಇಪ್ಪತ್ತು ಲಕ್ಷದ ಆಸುಪಾಸಿಗೆ ಏರಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಆಗ ವಾರದ ನೆರವು ನಾಲ್ಕು ಸಾವಿರ ಆಗುತ್ತದೆ. ಒಂದು ಷರತ್ತನ್ನು ಮಾತ್ರ ಗಟ್ಟಿಯಾಗಿ ಗಮನಿಸಬೇಕು. ‘ತಮ್ಮ ಕೆಲಸ ಮಾಡಲಾಗದಿರುವುದು’ ಸಾಲದು, ‘ಯಾವ ಕೆಲಸವನ್ನೂ ಮಾಡಲಾಗದಿರುವುದು’ ಬೇಕು ಎಂಬ ಅರ್ಥದಲ್ಲಿ ಪಾಲಿಸಿಯ ವಾಕ್ಯವಿದೆ. ಕಾಲು ಮುರಿದ ಯಂತ್ರಚಾಲಕ ಕೂತಲ್ಲೇ ಲೆಕ್ಕ ಬರೆಯಬಲ್ಲ ಎಂದು ಕಂಪನಿ ವಾದಿಸಲು ಇಲ್ಲಿ ಎಡೆಯಿದೆ. ದುಡಿಯುವ ಜನರಿಗಾಗಿ ಮಾಡಿದ ಮಾದರಿ ಪಾಲಿಸಿಯಲ್ಲಿ ಇಂಥ ವಾಕ್ಯ ಇರಬಾರದಿತ್ತು.

ಇನ್ನು ಕಾಯಿಲೆಯ ವಿಷಯ. ಅಪಘಾತ ಪಾಲಿಸಿಯ ಪ್ರೀಮಿಯಂ ಮುಖ್ಯವಾಗಿ ನಿಂತಿರುವುದು ವೃತ್ತಿಯ ಅಪಾಯದ ಮೇಲೆ, ರಕ್ತದಲ್ಲಿನ ಸಕ್ಕರೆಯ ಮೇಲಲ್ಲ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಕಡಿಮೆ, ಯಂತ್ರದ ಮುಂದೆ ನಿಲ್ಲುವವರಿಗೆ ಅದಕ್ಕಿಂತ ಹೆಚ್ಚು, ಗಣಿಯಂಥ ಕಡೆ ದುಡಿಯುವವರಿಗೆ ಇನ್ನೂ ಹೆಚ್ಚು. ಹಾಗಾಗಿ ಜೀವ ವಿಮೆಯ ಟರ್ಮ್ ಪಾಲಿಸಿ ಕೇಳಿದಾಗ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ವರದಿ ನೋಡಿ ಹುಬ್ಬೇರಿಸುವ, ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಹಾಕುವ, ಕೆಲವೊಮ್ಮೆ ಅರ್ಜಿಯನ್ನೇ ತಿರಸ್ಕರಿಸುವ ಕಂಪನಿಗಳು ಅಪಘಾತ ಪಾಲಿಸಿಯನ್ನು ಸಕ್ಕರೆ ಕಾಯಿಲೆಯವರಿಗೂ ಸಾಮಾನ್ಯವಾಗಿ ಯಾವ ರಕ್ತಪರೀಕ್ಷೆಯೂ ಇಲ್ಲದೆ ಕೊಡುತ್ತವೆ. ಕಾಯಿಲೆ ಇರುವವರಿಗೆ ಈ ಪಾಲಿಸಿಯ ಅತಿ ದೊಡ್ಡ ಗುಣ ಇದೇ.

ಪರೀಕ್ಷೆ ಇಲ್ಲವೆಂದ ಮಾತ್ರಕ್ಕೆ ಪ್ರಶ್ನೆ ಇಲ್ಲವೆಂದಲ್ಲ. ಪ್ರಪೋಸಲ್ ಫಾರಂನಲ್ಲಿ ಈಗಿರುವ ಕಾಯಿಲೆ, ದೈಹಿಕ ನ್ಯೂನತೆ, ಹಿಂದಿನ ಗಾಯಗಳ ಬಗ್ಗೆ ಕೇಳುವುದುಂಟು. ನನ್ನ ಬಳಿ ಬಂದಿದ್ದ ಏಜೆಂಟರೊಬ್ಬರು “ಅಪಘಾತದ ಪಾಲಿಸಿಗೆ ಶುಗರ್ ವಿಷಯ ಯಾಕೆ ಸಾರ್, ಆ ಕಾಲಂನಲ್ಲಿ ಇಲ್ಲ ಅಂತ ಹಾಕಿಬಿಡಿ” ಎಂದರು. ನಾನು ಒಪ್ಪಲಿಲ್ಲ, ಯಾರೂ ಒಪ್ಪಬಾರದು. ಕಮಿಷನ್ ಅವರಿಗೆ ಇಂದೇ ಸಿಗುತ್ತದೆ. ಸುಳ್ಳಿನ ಹೊಣೆ ಮುಂದೊಂದು ದಿನ ಕ್ಲೇಮು ಹಾಕುವ ಮನೆಯವರ ತಲೆಯ ಮೇಲೆ ಬೀಳುತ್ತದೆ. ಈ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಎರಡೂ ವೈದ್ಯಕೀಯ ವೆಚ್ಚದ ಪಾಲಿಸಿಗಳಿಗೆ ಸಂಬಂಧಿಸಿದವು. ಆದರೆ ಮಾಹಿತಿ ಕೊಡುವ ಹೊಣೆಯ ತತ್ತ್ವ ಎಲ್ಲ ವಿಮೆಗೂ ಒಂದೇ. 2009ರ ತೀರ್ಪಿನಲ್ಲಿ, ದೀರ್ಘಕಾಲದ ಮಧುಮೇಹವನ್ನೂ ಮೂತ್ರಪಿಂಡದ ತೊಂದರೆಯನ್ನೂ ಅರ್ಜಿಯಲ್ಲಿ ಹೇಳದೆ ಮೆಡಿಕ್ಲೇಮ್ ಪಡೆದಿದ್ದವರ ಕ್ಲೇಮನ್ನು ಕಂಪನಿ ನಿರಾಕರಿಸಿದ್ದು ಸರಿ ಎಂದು ನ್ಯಾಯಾಲಯ ಹೇಳಿತು. 2021ರ ಡಿಸೆಂಬರಿನ ತೀರ್ಪಿನಲ್ಲಿ ಫಲಿತಾಂಶ ತಿರುಗಿತು. ಮಧುಮೇಹ ಇದೆಯೆಂದು ಅರ್ಜಿಯಲ್ಲಿ ತಿಳಿಸಿಯೇ ವಿದೇಶ ಪ್ರವಾಸದ ವಿಮೆ ಪಡೆದು ಅಮೆರಿಕಕ್ಕೆ ಹೋದವರೊಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಹೃದಯಾಘಾತವಾಗಿತ್ತು. ಕೊಲೆಸ್ಟ್ರಾಲಿನ ಮಾತ್ರೆಯ ವಿಷಯ ಮುಚ್ಚಿಟ್ಟರೆಂದು ಕಂಪನಿ ಹಣ ಕೊಡಲು ಒಪ್ಪಿರಲಿಲ್ಲ. ಕಾಯಿಲೆ ಗೊತ್ತಿದ್ದೂ, ಅದನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯನ್ನು ಮುಂದೊಡ್ಡಿ ಕ್ಲೇಮು ತಳ್ಳಿಹಾಕಲಾಗದು ಎಂದು ನ್ಯಾಯಾಲಯ ಹೇಳಿತು. ಇಬ್ಬರಿಗೂ ಇದ್ದದ್ದು ಸಕ್ಕರೆ ಕಾಯಿಲೆಯೇ. ವ್ಯತ್ಯಾಸ ಇದ್ದದ್ದು ಅರ್ಜಿಯಲ್ಲಿ.

ಇಷ್ಟೆಲ್ಲ ಸರಿಯಾಗಿ ಮಾಡಿ ಪಾಲಿಸಿ ಕೈಗೆ ಬಂದ ಮೇಲೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಈ ಪಾಲಿಸಿಯಲ್ಲಿ ಅಪಘಾತವೆಂದರೆ ಹಠಾತ್ತಾಗಿ, ನಿರೀಕ್ಷೆಯಿಲ್ಲದೆ, ನಮ್ಮ ಇಚ್ಛೆಯಿಲ್ಲದೆ, ಹೊರಗಿನಿಂದ ಬಂದ, ಕಣ್ಣಿಗೆ ಕಾಣುವ, ಬಲವಾದ ಕಾರಣದಿಂದ ನಡೆದ ಘಟನೆ. ಅಂಥ ಘಟನೆಯಲ್ಲಿ ಆದ ಗಾಯದಿಂದ, ಹನ್ನೆರಡು ತಿಂಗಳೊಳಗೆ ಅಂಗವೈಕಲ್ಯ ಉಂಟಾಗಿರಬೇಕು. ಈಗ ಸಕ್ಕರೆ ಕಾಯಿಲೆಯವರು ನಿಜವಾಗಿ ಅಂಜುವ ಸಂಗತಿಗಳನ್ನು ಈ ವ್ಯಾಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ಸಕ್ಕರೆಯಿಂದ ಕಣ್ಣಿನ ಒಳಪರದೆ ಹಾಳಾಗುವ ರೆಟಿನೋಪತಿಯಿಂದ ನಿಧಾನವಾಗಿ ದೃಷ್ಟಿ ಹೋದರೆ ಅದು ಅಪಘಾತವಲ್ಲ. ನರಗಳ ಸ್ಪರ್ಶಜ್ಞಾನ ಕುಗ್ಗಿ, ಚಪ್ಪಲಿ ಉಜ್ಜಿದ ಹುಣ್ಣು ಗೊತ್ತಾಗದೆ ಬೆಳೆದು, ಗ್ಯಾಂಗ್ರೀನ್ ಆಗಿ ಕಾಲು ತೆಗೆಯಬೇಕಾಗಿ ಬಂದರೆ ಅದೂ ಅಪಘಾತವಲ್ಲ. ಪಾರ್ಶ್ವವಾಯುವಿಗೂ ಡಯಾಲಿಸಿಸ್‌ಗೂ ಇದೇ ಉತ್ತರ. ‘ಅಂಗವೈಕಲ್ಯ ವಿಮೆ’ ಎಂದು ಕರೆದು ಇದನ್ನು ಮಾರುವವರು ಈ ಮಾತನ್ನು ಮೊದಲೇ ಹೇಳಬೇಕು. ಹೇಳದಿದ್ದರೆ, ಕಾಲು ಕಳೆದುಕೊಂಡ ದಿನ ಆ ಮನೆಯವರು ಪಾಲಿಸಿ ಹಿಡಿದು ಕಚೇರಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಇದಕ್ಕಿಂತ ಕಷ್ಟದ್ದು ನಡುವಿನ ಪ್ರಕರಣಗಳು. ಬೈಕಿನಿಂದ ಬಿದ್ದು ಪಾದಕ್ಕೆ ಗಾಯವಾಯಿತು ಎನ್ನಿ. ಕಾಯಿಲೆ ಇಲ್ಲದವರಿಗೆ ಮೂರು ವಾರದಲ್ಲಿ ಮಾಯುವ ಗಾಯ ಸಕ್ಕರೆ ಕಾಯಿಲೆಯವರಿಗೆ ಸೋಂಕಾಗಿ, ಕೊನೆಗೆ ಪಾದವನ್ನೇ ತೆಗೆಯಬೇಕಾಯಿತು. ಅಂಗ ಹೋದದ್ದು ಅಪಘಾತದಿಂದಲೇ, ಕಾಯಿಲೆಯಿಂದಲೇ? ಅಪಘಾತವೇ ಪ್ರಧಾನ ಕಾರಣ, ಕಾಯಿಲೆ ಅದನ್ನು ಉಲ್ಬಣಗೊಳಿಸಿತು ಎಂದು ಪಾಲಿಸಿದಾರ ಹೇಳಬಹುದು. ಗಾಯ ನೆಪ, ಕಾಯಿಲೆಯೇ ಕಾರಣ ಎಂದು ಕಂಪನಿ ಹೇಳಬಹುದು. ಇಲ್ಲಿ ಗೆಲುವನ್ನು ನಿರ್ಧರಿಸುವುದು ಕಾಗದ. ಬಿದ್ದ ದಿನವೇ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂದು ಕೇಸ್ ಶೀಟಿನಲ್ಲಿ ಬರೆಸಿದವರ ಸ್ಥಿತಿ ಒಂದು. ಮನೆಯಲ್ಲಿ ಅರಿಶಿನ ಹಚ್ಚಿಕೊಂಡು ಹದಿನೈದು ದಿನದ ಮೇಲೆ ಹೋದವರ ಸ್ಥಿತಿ ಇನ್ನೊಂದು. ಎರಡನೆಯವರ ದಾಖಲೆಯಲ್ಲಿ ಮೊದಲು ಕಾಣುವುದು ‘ಡಯಾಬಿಟಿಕ್ ಫುಟ್’ (ಸಕ್ಕರೆ ಕಾಯಿಲೆಯಿಂದ ಕೆಟ್ಟ ಪಾದ) ಎಂಬ ಎರಡು ಪದ, ಅಪಘಾತವಲ್ಲ. ಸಕ್ಕರೆ ಮಟ್ಟ ದಿಢೀರನೆ ಇಳಿದು ತಲೆಸುತ್ತಿ ಮೆಟ್ಟಿಲಿನಿಂದ ಬಿದ್ದರೆ ಅಥವಾ ವಾಹನ ಓಡಿಸುವಾಗ ಹಾಗಾದರೆ ಅಲ್ಲಿಯೂ ಇದೇ ತಕರಾರು ಏಳಬಹುದು. ಮಾದರಿ ಪಾಲಿಸಿಯನ್ನು ಬರೆದವರು ಈ ಒಂದು ಸಂಗತಿಯನ್ನು ಉದಾಹರಣೆ ಸಹಿತ ಸ್ಪಷ್ಟಪಡಿಸಬೇಕಿತ್ತು. ಇನ್ಸುಲಿನ್ ತೆಗೆದುಕೊಳ್ಳುವವರು ಪಾಲಿಸಿ ಕೊಳ್ಳುವ ಮೊದಲೇ ಈ ಬಗ್ಗೆ ಕಂಪನಿಗೆ ಬರಹದಲ್ಲಿ ಪ್ರಶ್ನೆ ಕೇಳಿ, ಬರಹದಲ್ಲೇ ಉತ್ತರ ಪಡೆದು ಇಟ್ಟುಕೊಳ್ಳಬೇಕು. ಪಾಲಿಸಿಯ ಮುಖ್ಯಾಂಶಗಳಿರುವ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿದರೆ ಪ್ರಾದೇಶಿಕ ಭಾಷೆಯಲ್ಲಿ ಕೊಡಬೇಕೆಂದು ನಿಯಂತ್ರಣ ಪ್ರಾಧಿಕಾರ ಹೇಳಿದೆ. ಕನ್ನಡದಲ್ಲೇ ಕೇಳಿ ಪಡೆಯಿರಿ.

ಇದರ ಜೊತೆಗೆ ಯಾರೂ ಬಿಡಬಾರದ ಒಂದು ಪಾಲಿಸಿ ಬ್ಯಾಂಕಿನಲ್ಲೇ ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿ. 2022ರ ಜೂನ್‌ಗೆ ಮೊದಲು ಹನ್ನೆರಡಿತ್ತು. 18ರಿಂದ 70 ವರ್ಷದ, ಉಳಿತಾಯ ಖಾತೆ ಇರುವ ಯಾರಿಗಾದರೂ ಸಿಗುತ್ತದೆ, ವೈದ್ಯಕೀಯ ತಪಾಸಣೆ ಇಲ್ಲ. ಅಪಘಾತದಲ್ಲಿ ಸಾವಾದರೆ ಅಥವಾ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ ಎರಡು ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ ಒಂದು ಲಕ್ಷ. ವಾರದ ನೆರವು ಇದರಲ್ಲಿಲ್ಲ. ಹಾವು ಕಡಿತ, ಮರದಿಂದ ಬೀಳುವುದು ಮುಂತಾದ ಸಂದರ್ಭಗಳಲ್ಲಿ ಪೊಲೀಸ್ ವರದಿಯ ಬದಲು ತಕ್ಷಣದ ಆಸ್ಪತ್ರೆ ದಾಖಲೆಯನ್ನು ಒಪ್ಪುವ ಅವಕಾಶವಿರುವುದರಿಂದ, ಮಲೆನಾಡಿನಲ್ಲಿ ಅಡಿಕೆ ಕೊನೆ ತೆಗೆಯುವವರಿಗೂ ಗದ್ದೆಯಲ್ಲಿ ದುಡಿಯುವವರಿಗೂ ಇದು ಹೇಳಿ ಮಾಡಿಸಿದಂತಿದೆ. ಪ್ರತಿ ವರ್ಷ ಮೇ ಕೊನೆಯೊಳಗೆ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಂಡರೆ ಸಾಕು. ಎರಡು ಮೂರು ಬ್ಯಾಂಕುಗಳಲ್ಲಿ ಸೇರಿದರೂ ಹಣ ಸಿಗುವುದು ಒಂದರಿಂದ ಮಾತ್ರ.

ಹಾಗಾದರೆ ಕಾಯಿಲೆಯಿಂದಲೇ ಬರುವ ಅಂಗವೈಕಲ್ಯಕ್ಕೆ ಏನು ದಾರಿ? ಖಾಸಗಿ ಮಾರುಕಟ್ಟೆಯಲ್ಲಿ ಇದಕ್ಕೆ ಹತ್ತಿರವಾದದ್ದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ. ಶಾಶ್ವತ ಲಕ್ಷಣ ಉಳಿಸುವ ಪಾರ್ಶ್ವವಾಯು, ಕೈಕಾಲುಗಳ ಶಾಶ್ವತ ಲಕ್ವ, ನಿರಂತರ ಡಯಾಲಿಸಿಸ್ ಬೇಕಾದ ಮೂತ್ರಪಿಂಡ ವೈಫಲ್ಯ ಮುಂತಾದ ಪಟ್ಟಿ ಮಾಡಿದ ಕಾಯಿಲೆಗಳಿಗೆ ಒಂದೇ ಗಂಟಿನ ಹಣ ಕೊಡುವ ಪಾಲಿಸಿ ಅದು. ಆದರೆ ಈ ಪಟ್ಟಿಯ ಹಲವು ಕಾಯಿಲೆಗಳಿಗೆ ಮಧುಮೇಹವೇ ದಾರಿ ಮಾಡುವುದರಿಂದ ನಮ್ಮ ಅರ್ಜಿಯನ್ನು ಕಂಪನಿಗಳು ತುಂಬ ಬಿಗಿಯಾಗಿ ನೋಡುತ್ತವೆ. ಹೊಸದಾಗಿ ಪತ್ತೆಯಾದ, ಹತೋಟಿಯಲ್ಲಿರುವ ಸಕ್ಕರೆಗೆ ಹೆಚ್ಚುವರಿ ಪ್ರೀಮಿಯಂ ಹಾಕಿ ಕೊಡುವವರಿದ್ದಾರೆ. ಕಣ್ಣಿಗೋ ಮೂತ್ರಪಿಂಡಕ್ಕೋ ಹಾನಿ ಕಂಡ ಮೇಲೆ ಕೊಡುವವರನ್ನು ನಾನು ಕಾಣಲಿಲ್ಲ. ಆದ್ದರಿಂದ ಇದನ್ನು ಕೊಳ್ಳುವುದಾದರೆ ಕಾಯಿಲೆ ಪತ್ತೆಯಾದ ಆರಂಭದಲ್ಲೇ ಕೊಳ್ಳಬೇಕು. ಆಸ್ಪತ್ರೆ ವೆಚ್ಚದ ಆರೋಗ್ಯ ವಿಮೆಯಲ್ಲಿ ಸ್ಥಿತಿ ಸುಧಾರಿಸಿದೆ. 2024ರ ಏಪ್ರಿಲ್ 1ರಿಂದ, ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 48 ತಿಂಗಳಿಂದ ಗರಿಷ್ಠ 36 ತಿಂಗಳಿಗೆ ಇಳಿದಿದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು ಕಂಪನಿ ಹಳೆಯ ಮಾಹಿತಿಯನ್ನು ಕೆದಕುವಂತಿಲ್ಲ. ಆದರೆ ಆ ವಿಮೆ ಆಸ್ಪತ್ರೆಯ ಬಿಲ್ಲು ತುಂಬುತ್ತದೆಯೇ ಹೊರತು ನಿಂತುಹೋದ ದುಡಿಮೆಯನ್ನಲ್ಲ.

ನಿಂತುಹೋದ ದುಡಿಮೆಯನ್ನು ತುಂಬಿಕೊಡುವ, ಅದೂ ಕಾಯಿಲೆಯ ಇತಿಹಾಸ ಕೇಳದೆ ತುಂಬಿಕೊಡುವ ವ್ಯವಸ್ಥೆ ನಮ್ಮಲ್ಲಿ ಒಂದಿದೆ. ಸಂಬಳದ ಕೆಲಸಗಾರರಿಗಾಗಿ ಇರುವ ಆ ಸರ್ಕಾರಿ ವಿಮಾ ಯೋಜನೆಯ ಹೆಸರು ಇಎಸ್‌ಐ. ಪೀಣ್ಯದ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಸುತ್ತಲಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಸಾವಿರಾರು ಜನ ಇದನ್ನು ‘ಇಎಸ್‌ಐ ಆಸ್ಪತ್ರೆ’ ಎಂದಷ್ಟೇ ತಿಳಿದಿದ್ದಾರೆ. ಅದರ ನಗದು ಸೌಲಭ್ಯಗಳನ್ನು ಕೇಳಿ ಪಡೆಯುವವರು ಇನ್ನೂ ಹೆಚ್ಚಬೇಕು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವವರು, ಅಂಗವಿಕಲರಾದರೆ 25,000ದವರೆಗೆ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಕೆಲಸಗಾರರಿಂದ ಸಂಬಳದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಕೆಲಸದ ವೇಳೆ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಶೇ. 90. ಎರಡು ವರ್ಷ ಸತತವಾಗಿ ವಿಮೆಗೆ ಒಳಪಟ್ಟ ಕೆಲಸದಲ್ಲಿದ್ದು ಅಗತ್ಯ ವಂತಿಗೆ ಕಟ್ಟಿದವರಿಗೆ, 34 ದೀರ್ಘಕಾಲದ ಕಾಯಿಲೆಗಳಲ್ಲಿ ಯಾವುದಾದರೂ ಬಂದರೆ ಶೇ. 80ರಷ್ಟನ್ನು ಎರಡು ವರ್ಷದವರೆಗೂ ಕೊಡುವ ಅವಕಾಶವಿದೆ. ಆ ಪಟ್ಟಿಯಲ್ಲಿ ಪಾರ್ಶ್ವವಾಯು ಇದೆ. ಕಣ್ಣು, ಪಾದ ಅಥವಾ ಮೂತ್ರಪಿಂಡಕ್ಕೆ ಹಾನಿ ಮಾಡಿದ ಮಧುಮೇಹವೂ ಇದೆ. ಖಾಸಗಿ ಪಾಲಿಸಿ ಯಾವ ಕಾಲಿಗೆ ಹಣ ಕೊಡುವುದಿಲ್ಲವೋ ಅದೇ ಕಾಲಿಗೆ ಇಎಸ್‌ಐ ಕೊಡುತ್ತದೆ. ಸಂಬಳ ಸ್ವಲ್ಪ ಹೆಚ್ಚಾಗಿ ಕಾಣಲೆಂದು ಇಎಸ್‌ಐ ಬೇಡವೆನ್ನುವ ಯುವ ಕೆಲಸಗಾರರಿಗೆ ಈ ಪಟ್ಟಿಯನ್ನು ಯಾರಾದರೂ ಓದಿ ಹೇಳಬೇಕು. ಭವಿಷ್ಯ ನಿಧಿಯ (ಪಿಎಫ್) ಜೊತೆಗಿರುವ 1995ರ ಪಿಂಚಣಿ ಯೋಜನೆಯಲ್ಲೂ, ಸೇವೆಯಲ್ಲಿರುವಾಗ ಶಾಶ್ವತ ಪೂರ್ಣ ಅಂಗವೈಕಲ್ಯ ಬಂದವರಿಗೆ ಹತ್ತು ವರ್ಷದ ಸೇವೆ ಬೇಕಿಲ್ಲ. ಒಂದು ತಿಂಗಳ ವಂತಿಗೆ ಜಮೆಯಾಗಿದ್ದರೂ ಪಿಂಚಣಿಗೆ ಹಕ್ಕಿದೆ. ತಿಂಗಳಿಗೆ ಒಂದು ಸಾವಿರ ರೂಪಾಯಿ ಎಂಬ ಅದರ ಕನಿಷ್ಠ ಮಿತಿ ಇಂದಿನ ದಿನಕ್ಕೆ ತೀರಾ ಕಡಿಮೆ.

ನನ್ನಂಥ ಸ್ವಂತ ಉದ್ಯೋಗದವರು, ಆಟೊ ಓಡಿಸುವವರು, ಹೊಲಿಗೆಯವರು, ಹೋಟೆಲು ನಡೆಸುವವರು ಈ ಎರಡರಿಂದಲೂ ಹೊರಗಿದ್ದೇವೆ. ವಂತಿಗೆ ಕಟ್ಟಲು ನಾವು ಸಿದ್ಧರಿದ್ದರೂ ಸೇರುವ ಬಾಗಿಲಿಲ್ಲ. ಸರಳ್ ಸುರಕ್ಷಾ ಬಿಮಾ ಎಷ್ಟೇ ಒಳ್ಳೆಯದಾದರೂ ಆ ಬಾಗಿಲಿನ ಜಾಗದಲ್ಲಿ ನಿಲ್ಲಲಾರದು ಎಂಬುದನ್ನು ಈ ಪರಾಮರ್ಶೆಯಲ್ಲಿ ದಾಖಲಿಸಲೇಬೇಕು.

ಈಗಾಗಲೇ ಅಂಗವೈಕಲ್ಯ ಇರುವವರ ಪ್ರಶ್ನೆ ಬೇರೆ. ಗಾಲಿಕುರ್ಚಿ ಬಳಸುವವರೊಬ್ಬರಿಗೆ ಆರೋಗ್ಯ ವಿಮೆ ನಿರಾಕರಿಸಿದ ಪ್ರಕರಣದಲ್ಲಿ 2022ರ ಕೊನೆಗೆ ದೆಹಲಿ ಹೈಕೋರ್ಟ್ ಕೊಟ್ಟ ಆದೇಶದ ಬೆನ್ನಲ್ಲೇ, ಅಂಗವಿಕಲರು, ಎಚ್‌ಐವಿ ಇರುವವರು ಮತ್ತು ಮಾನಸಿಕ ಕಾಯಿಲೆ ಇರುವವರಿಗಾಗಿ ಪಾಲಿಸಿ ತರುವಂತೆ ಐಆರ್‌ಡಿಎಐ 2023ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿತು. ಹಾಗೆ ಬಂದವು ಆಸ್ಪತ್ರೆ ವೆಚ್ಚದ ಪಾಲಿಸಿಗಳು. ಅಪಘಾತ ಪಾಲಿಸಿಯಲ್ಲಾದರೆ, ಪಾಲಿಸಿಗೆ ಮೊದಲೇ ಇದ್ದ ಅಂಗವೈಕಲ್ಯಕ್ಕೆ ಹಣ ಸಿಗುವುದಿಲ್ಲವಾದ್ದರಿಂದ, ಈಗಿನ ಅಂಗವೈಕಲ್ಯದ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಲಗತ್ತಿಸುವುದು ಮುಂದಿನ ವಾದವನ್ನು ತಪ್ಪಿಸುತ್ತದೆ.

ಕೊನೆಗೆ, ಕ್ಲೇಮು ತಿರಸ್ಕಾರವಾದರೆ ಏನು ಮಾಡಬೇಕೆಂಬುದು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಾದ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕಕ್ಕೆ ಸೇರಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಐವತ್ತು ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿಗೆ ಒಯ್ಯಬೇಕಾದ ಕಾಗದಗಳಲ್ಲಿ ಅತಿ ಮುಖ್ಯವಾದವು ಮೂರು: ಕಾಯಿಲೆಯನ್ನು ಬರೆದುಕೊಟ್ಟ ಪ್ರಪೋಸಲ್ ಫಾರಂನ ಪ್ರತಿ, ಅಪಘಾತದ ದಿನದ ಆಸ್ಪತ್ರೆ ದಾಖಲೆ, ಮತ್ತು ಅಂಗವೈಕಲ್ಯದ ಪ್ರಮಾಣಪತ್ರ. ಮೊದಲನೆಯದನ್ನು ಪಾಲಿಸಿ ಕೊಂಡ ದಿನವೇ ಕೇಳಿ ಪಡೆದು, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರುವ ಜಾಗದಲ್ಲಿ ಇಡಬೇಕು. ಅಂಗವೈಕಲ್ಯದ ಕ್ಲೇಮಿಗೆ ಓಡಾಡಬೇಕಾದವರು ಬಹುತೇಕ ಪಾಲಿಸಿದಾರರಲ್ಲ, ಅವರ ಹೆಂಡತಿಯೋ ಮಗನೋ ಮಗಳೋ.